ಪುಷ್ಯದ ಜಾತ್ರೆ, ಹೊಸ ರಾಗಿ, ಸೊಗಡಿನ ಅವರೆ: ಘಾಟಿ ಸೀಮೆಯ ಊಟದ ಚರಿತ್ರೆ

ಘಾಟಿ ಸುಬ್ರಹ್ಮಣ್ಯದ ಬ್ರಹ್ಮರಥೋತ್ಸವ ನಡೆಯುವುದು ಪುಷ್ಯ ಶುದ್ಧ ಷಷ್ಠಿಯಂದು, ಅಂದರೆ ಡಿಸೆಂಬರ್ ಕೊನೆಯಲ್ಲಿ ಇಲ್ಲವೇ ಜನವರಿಯಲ್ಲಿ. ದನಗಳ ಜಾತ್ರೆ ಅದಕ್ಕೂ ಮುಂಚೆಯೇ ಸೇರುತ್ತದೆ. ರಾಗಿ ಕಟಾವು ಮುಗಿದಿರುತ್ತದೆ, ಅಕ್ಕಡಿ ಸಾಲಿನ ಅವರೆ ಕಾಯಿ ತುಂಬಿರುತ್ತದೆ, ಆಲೆಮನೆಯಿಂದ ಹೊಸ ಬೆಲ್ಲ ಬಂದಿರುತ್ತದೆ, ಎಳ್ಳು, ಕಡಲೆಕಾಯಿ, ಹುಚ್ಚೆಳ್ಳು ಮನೆ ಸೇರಿರುತ್ತವೆ. ಈ ಸೀಮೆಯ ಜನ ಯಾವುದಕ್ಕೆ ಆಸೆಪಟ್ಟರು, ಯಾವುದನ್ನು ರುಚಿಯೆಂದರು, ಯಾವುದನ್ನು ಯಾವಾಗ ಬಿಟ್ಟರು ಎಂಬುದನ್ನೆಲ್ಲ ಬಹುಕಾಲ ತೀರ್ಮಾನಿಸಿದ್ದು ಈ ಪಂಚಾಂಗವೇ. ಬಯಸಿದ್ದನ್ನು ಬಯಸಿದ ದಿನ ತಿನ್ನುವ ಅನುಕೂಲ ಬಂದದ್ದು ತೀರ ಈಚೆಗೆ.

ಕ್ಷೇತ್ರವಿರುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಬಳಿ, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮಾಕಳಿದುರ್ಗದ ಬೆಟ್ಟಸಾಲಿನ ಮಗ್ಗುಲಲ್ಲಿ. ಸುತ್ತಲಿನವರ ಬಾಯಲ್ಲಿ ಅದು ಎಸ್.ಎಸ್. ಘಾಟಿ. ಗರ್ಭಗುಡಿಯ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖಮಾಡಿದ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖಮಾಡಿದ ನರಸಿಂಹ. ಹಿಂಬದಿಯ ನರಸಿಂಹನ ದರ್ಶನವಾಗಲೆಂದು ಕನ್ನಡಿ ಇಡಲಾಗಿದೆ. ಆದಿ ಕುಕ್ಕೆ, ಮಧ್ಯ ಘಾಟಿ, ಅಂತ್ಯ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಎಂದು ಭಕ್ತರು ಮೂರು ನಾಗಕ್ಷೇತ್ರಗಳನ್ನು ಒಟ್ಟಿಗೆ ಹೇಳುತ್ತಾರೆ. ದೇವಾಲಯವನ್ನು ಬೆಳೆಸಿದವರು ಸಂಡೂರಿನ ಘೋರ್ಪಡೆ ಅರಸರು ಎಂಬುದು ಸ್ಥಳಪರಂಪರೆ.

ಇದು ಮಳೆ ನಂಬಿದ ನೆಲ. ಕೆಂಪು ಮಣ್ಣು, ವರ್ಷಕ್ಕೆ 80 ಸೆಂ.ಮೀ. ಆಸುಪಾಸಿನ ಮಳೆ, ಕೆರೆ ತುಂಬಿದರೆ ಮಾತ್ರ ಭತ್ತ. ಆದ್ದರಿಂದ ಇಲ್ಲಿ ಊಟವೆಂದರೆ ರಾಗಿ. ಆಫ್ರಿಕದ ಪೂರ್ವದ ಎತ್ತರದ ನೆಲದಲ್ಲಿ ಹುಟ್ಟಿ ಬಹು ಹಿಂದೆಯೇ ಇಂಡಿಯಾಕ್ಕೆ ಬಂದ ಈ ಧಾನ್ಯಕ್ಕೆ ಹಳೆಯ ಮೈಸೂರು ಸೀಮೆಯಲ್ಲಿ ಸಿಕ್ಕಷ್ಟು ಮನ್ನಣೆ ಬೇರೆಡೆ ಅಪರೂಪ. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ ರಾಗಿಯನ್ನೇ ಗೆಲ್ಲಿಸಿದರು. ಬಡವರ ಧಾನ್ಯ, ಉಳ್ಳವರ ಧಾನ್ಯ ಎಂಬ ಭೇದ ಅಂದಿಗೇ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಆ ಕಾವ್ಯವೇ ಸಾಕ್ಷಿ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನೂ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಒಣಬೇಸಾಯದ ಬೆಳೆಗಳಲ್ಲಿ ರಾಗಿಗೇ ಮೊದಲ ಸ್ಥಾನ. ಚಿಕ್ಕಬಳ್ಳಾಪುರದಲ್ಲಿ ತಯಾರಾಗುತ್ತಿದ್ದ ಕಲ್ಲುಸಕ್ಕರೆಯನ್ನೂ ಅವನು ಗಮನಿಸಿದ್ದಾನೆ.

ರಾಗಿಗೆ ಹುಳು ಹಿಡಿಯುವುದು ಕಡಿಮೆ. ನೆಲದಲ್ಲಿ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ ಬಾಯಿ ಮುಚ್ಚಿದ ಹಗೇವುಗಳಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರಗಾಲದಲ್ಲಿ ಊರನ್ನು ಕಾದದ್ದು ಹಗೇವು. ಅನ್ನ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ. ದೋಸೆ, ಇಡ್ಲಿಗಳೂ ಹಬ್ಬದ ತಿಂಡಿಗಳೇ. ದಿನದ ಊಟ ಹಿಟ್ಟು. ಈ ಭಾಗದ ಹಳ್ಳಿಗಳಲ್ಲಿ ಮುದ್ದೆಯನ್ನು ಇಂದಿಗೂ ಬಹಳ ಮಂದಿ ಹಾಗೆಯೇ ಕರೆಯುತ್ತಾರೆ.

ಈ ದಿನದ ಊಟ ಬಯಲಿಗೆ ಬಂದು ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಜಾಗ ದನಗಳ ಜಾತ್ರೆ. ಕಟಾವಾದ ಮೇಲೆ ರೈತನ ಕೈಯಲ್ಲಿ ಒಂದಿಷ್ಟು ಕಾಸು ಆಡುತ್ತದೆ, ಕಣದ ಕೆಲಸ ಮುಗಿದ ಎತ್ತಿಗೆ ಬಿಡುವಿರುತ್ತದೆ, ರಾಗಿ ಹುಲ್ಲು ಹೇರಳವಾಗಿರುತ್ತದೆ. ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳನ್ನು ಹೊಡೆದುಕೊಂಡು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಬರುತ್ತಿದ್ದರು. ಕೊಳ್ಳಲು ಆಂಧ್ರದಿಂದ, ಉತ್ತರ ಕರ್ನಾಟಕದಿಂದ ರೈತರು ಬರುತ್ತಿದ್ದರು. ವ್ಯಾಪಾರ ಕುದುರಲು ದಿನಗಳೇ ಹಿಡಿಯುವುದರಿಂದ ಗಾಡಿಯಲ್ಲಿ ಹುಲ್ಲಿನ ಜೊತೆಗೆ ಪಾತ್ರೆ, ರಾಗಿ ಹಿಟ್ಟು, ಉಪ್ಪು, ಮೆಣಸಿನಕಾಯಿ, ಹುಣಸೆಹಣ್ಣು, ಕಾಳು ಎಲ್ಲವೂ ಇರಬೇಕು. ಮರದ ಬುಡದಲ್ಲಿ ಮೂರು ಕಲ್ಲು ಹೂಡಿದರೆ ಒಲೆ. ಮನೆಯಲ್ಲಿ ಹೆಂಗಸರೇ ನಡೆಸುವ ಅಡುಗೆಯನ್ನು ಈ ಕೆಲವು ದಿನ ಗಂಡಸರೇ ಮಾಡಿಕೊಳ್ಳುತ್ತಿದ್ದರು.

ಮುದ್ದೆ ತೊಳಸುವುದು ತೋಳಿನ ಕೆಲಸ. ಎಸರಿಗೆ ಮೊದಲು ಒಂದು ಹಿಡಿ ಹಿಟ್ಟನ್ನು ಕದಡಿಬಿಟ್ಟರೆ ಗಂಟಾಗುವುದಿಲ್ಲ. ಎಸರು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲಿನಿಂದ ಕುಳಿ ಮಾಡಿ, ಆ ಕುಳಿಯಿಂದ ಎಸರು ಕೊತಕೊತ ಮೇಲೆ ಬರುವಂತೆ ಬೇಯಲು ಬಿಡಬೇಕು. ಇಲ್ಲಿ ಆತುರಪಟ್ಟರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಆಮೇಲೆ ಪಾತ್ರೆ ಇಳಿಸಿ, ಕವೆಗೋಲಿನಿಂದ ಅದನ್ನು ಅಲುಗದಂತೆ ಹಿಡಿದು, ಮುದ್ದೆ ಕೋಲಿನಿಂದ ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಬೇಕು. ಕೊನೆಗೆ ನೀರು ಚಿಮುಕಿಸಿದ ಕಲ್ಲು ಅಥವಾ ಮಣೆಯ ಮೇಲೆ ಸುರಿದು, ಕೈ ಒದ್ದೆ ಮಾಡಿಕೊಂಡು ಬಿಸಿಯಿರುವಾಗಲೇ ಕಟ್ಟಬೇಕು. ಕೆಲವರು ಎಸರಿಗೆ ಅಕ್ಕಿ ನುಚ್ಚು ಹಾಕಿ ಬೇಯಿಸಿಕೊಳ್ಳುತ್ತಾರೆ. ಬರೀ ಹಿಟ್ಟಿನ ಮುದ್ದೆಯೇ ಮುದ್ದೆ ಎನ್ನುವವರು ಅದನ್ನು ಒಪ್ಪುವುದಿಲ್ಲ. ಗಟ್ಟಿ ಇರಬೇಕೋ ಮೆತ್ತಗಿರಬೇಕೋ ಎಂಬ ವಾದ ಮನೆಮನೆಯಲ್ಲೂ ಇದೆ. ಹೊಲಕ್ಕೆ ಹೋಗುವವನಿಗೆ ಗಟ್ಟಿ, ವಯಸ್ಸಾದವರಿಗೆ ಮೆತ್ತಗೆ ಎಂಬುದು ರೂಢಿ. ಬೆರಳಿಗೆ ಅಂಟದೆ, ಸಾರಿನಲ್ಲಿ ಅದ್ದಿದ ತುತ್ತು ಅಗಿಯದೆ ಗಂಟಲಿಗಿಳಿದರೆ ಮುದ್ದೆ ಹದವಾಗಿದೆ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಮುದ್ದೆಗೆ ಸಾರು ಯಾವುದು ಎಂಬಲ್ಲಿ ಈ ಸೀಮೆಯ ನಿಜವಾದ ರುಚಿವಿಚಾರವಿದೆ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು, ಅದಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಯ ಖಾರವನ್ನು ಊಟದ ಹೊತ್ತಿಗೆ ಬೆರೆಸಿಕೊಂಡರೆ ಉಪ್ಸಾರು. ಬಸಿದ ಕಟ್ಟಿಗೆ ಮಸಾಲೆ ರುಬ್ಬಿ ಕುದಿಸಿ, ಸೊಪ್ಪು-ಕಾಳನ್ನು ಪಲ್ಯ ಮಾಡಿದರೆ ಬಸ್ಸಾರು. ಎಲ್ಲವನ್ನೂ ಒಟ್ಟಿಗೆ ಮಸೆದರೆ ಮಸ್ಸೊಪ್ಪು. ಮೂರಕ್ಕೂ ಬೇಕಾಗುವ ಸಾಮಾನು ಹೆಚ್ಚುಕಡಿಮೆ ಒಂದೇ, ಬದುವಿನಲ್ಲಿ ಬೆಳೆದ ಅಣ್ಣೆಸೊಪ್ಪಾದರೂ ಸರಿ. ಆದರೂ ಮೂರೂ ಬೇರೆ ಬೇರೆ ರುಚಿ. ಇಷ್ಟು ಕಡಿಮೆ ಸಾಮಾನಿನಿಂದ ಇಷ್ಟು ವೈವಿಧ್ಯ ತೆಗೆದ ಅಡುಗೆ ಯಾವ ದೊಡ್ಡ ಪಾಕಪರಂಪರೆಗೂ ಕಡಿಮೆಯಲ್ಲ. ಅದನ್ನು ಕಟ್ಟಿದ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಪುಷ್ಯದಲ್ಲಿ ಇವೆಲ್ಲವನ್ನೂ ಹಿಂದಿಕ್ಕಿ ಒಲೆಯೇರುವುದು ಅವರೆ. ಅವರೆ ಹಗಲು ಗಿಡ್ಡವಾಗುವುದನ್ನು ಕಾಯ್ದು ಹೂಬಿಡುವ ಗಿಡ. ಮುಂಗಾರಿನಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಾಗಿ ಬಿತ್ತಿದರೂ ಬಳ್ಳಿ ಸುಮ್ಮನೆ ಹಬ್ಬಿಕೊಂಡಿರುತ್ತದೆ. ಹೂವು ಕಾಣಿಸುವುದು ಚಳಿ ಹತ್ತಿರ ಬಂದಾಗ, ಕಾಯಿ ತುಂಬುವುದು ಮಾರ್ಗಶಿರ-ಪುಷ್ಯದಲ್ಲಿ. ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಅಂಟು ಒಸರುತ್ತದೆ. ಬಿಡಿಸಿದವರ ಬೆರಳಿಗೆ ಅಂಟಿ ಕೈ ತೊಳೆದರೂ ಹೋಗದ ಆ ವಾಸನೆಯೇ ಸೊಗಡು. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಎಂಬುದು ಬೆಳೆಯುವವರ ಮಾತು. ಕೊಳ್ಳುವವರು ಕಾಯಿಯನ್ನು ಮೂಗಿಗೆ ಹಿಡಿದು ನೋಡುವುದು ಇದಕ್ಕಾಗಿಯೇ.

ಎಳೆಯ ಕಾಳು ಉಪ್ಪಿಟ್ಟಿಗೆ, ರೊಟ್ಟಿಗೆ, ಸಾರಿಗೆ ಹಾಗೆಯೇ ಬೀಳುತ್ತದೆ. ಬಲಿತ ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ಹೆಬ್ಬೆರಳು-ತೋರುಬೆರಳ ನಡುವೆ ಹಿತುಕಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಹಿತುಕಿದ ಬೇಳೆ ಸಾರಿಗೆ ಒಂದು ಮನೆಗೆ ಬೇಕಾದಷ್ಟು ಬೇಳೆ ಕೂಡಿಸಲು ನಾಲ್ಕು ಜನ ಸುತ್ತ ಕೂರಬೇಕು. ಮಕ್ಕಳಿಗೂ ಕೆಲಸ ಸಿಗುತ್ತದೆ, ಮಾತೂ ಸಾಗುತ್ತದೆ. ತೆಂಗಿನಕಾಯಿ, ಕೊತ್ತಂಬರಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಗಸಗಸೆ, ಹಸಿಮೆಣಸಿನಕಾಯಿ ರುಬ್ಬಿ ಹಾಕಿದ ಈ ಸಾರು ಮಾಂಸದ ಸಾರಿಗೆ ಸರಿಸಮ ಎಂದು ಮಾಂಸ ತಿನ್ನುವವರೇ ಹೇಳುತ್ತಾರೆ. ಷಷ್ಠಿಯ ನೇಮದಲ್ಲಿ ಮಾಂಸ ಬಿಟ್ಟ ಮನೆಗಳಲ್ಲಿ ಅವರೆಗೆ ಇಷ್ಟು ಬೆಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಜಾತ್ರೆ ಮುಗಿಸಿ ಮನೆಗೆ ಮರಳುವ ಹೊತ್ತಿಗೆ ಸಂಕ್ರಾಂತಿ. ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು, ಎಳ್ಳುಬೆಲ್ಲ, ಕಬ್ಬು, ಎಲ್ಲವೂ ಅದೇ ಸುಗ್ಗಿಯವು.

ನಾಗನ ಕ್ಷೇತ್ರವಾದುದರಿಂದ ಘಾಟಿಗೆ ತನ್ನದೇ ಇನ್ನೊಂದು ಅಡುಗೆಮನೆಯಿದೆ. ಮಕ್ಕಳಿಲ್ಲದವರು, ನಾಗದೋಷ ಪರಿಹಾರಕ್ಕೆ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಮರಗಳ ಕೆಳಗೆ ಸಾಲುಸಾಲಾಗಿ ನಿಂತಿವೆ. ಅವುಗಳಿಗೆ ಎರೆಯುವ ತನಿ, ಮುಂದಿಡುವ ಚಿಗಳಿ, ತಂಬಿಟ್ಟು, ನೆನೆಸಿದ ಕಡಲೆಕಾಳು ಯಾವುದಕ್ಕೂ ಒಗ್ಗರಣೆಯ ಸದ್ದಿಲ್ಲ. ಕರಿ ಎಳ್ಳನ್ನು ಬೆಲ್ಲದೊಡನೆ ಒರಳಲ್ಲಿ ಕುಟ್ಟಿ, ಎಣ್ಣೆ ಬಿಟ್ಟುಕೊಂಡಾಗ ಉಂಡೆ ಕಟ್ಟಿದರೆ ಚಿಗಳಿ. ಅಕ್ಕಿ ಹಿಟ್ಟಿಗೋ ಹುರಿಗಡಲೆ ಹಿಟ್ಟಿಗೋ ಬೆಲ್ಲ ಸೇರಿಸಿದರೆ ತಂಬಿಟ್ಟು. ಶ್ರಾವಣದ ನಾಗರಪಂಚಮಿಯಂದು ಹಳೆಯ ಮೈಸೂರು ಕಡೆಯ ಅನೇಕ ಮನೆಗಳಲ್ಲಿ ಒಲೆಯ ಮೇಲೆ ಹೆಂಚಿಡುವುದಿಲ್ಲ, ಕರಿಯುವುದಿಲ್ಲ, ಹೆಚ್ಚುವುದಿಲ್ಲ. ಹಬೆಯಲ್ಲಿ ಬೆಂದ ಕಡುಬು, ಉಂಡೆಗಳೇ ಹಬ್ಬದೂಟ. ನಾಗನಿಗೆ ಬಿಸಿ ತಾಗಬಾರದು, ಗಾಯವಾಗಬಾರದು ಎಂಬ ನಂಬಿಕೆ ಒಂದು ಅಡುಗೆಯ ಕ್ರಮವನ್ನೇ ಹುಟ್ಟುಹಾಕಿತು. ಮಾರ್ಗಶಿರದ ಸುಬ್ರಹ್ಮಣ್ಯ ಷಷ್ಠಿಯಂದು ಬ್ರಹ್ಮಚಾರಿ ಹುಡುಗನನ್ನು ಕರೆದು ಊಟಕ್ಕಿಟ್ಟು ದಕ್ಷಿಣೆ ಕೊಡುವ ಪದ್ಧತಿಯೂ ಇದೆ. ಆ ದಿನ ವಟುವಿನ ಎಲೆಗೇ ಮೊದಲು ಬಡಿಸುವುದು.

ಜಾತ್ರೆಗೆ ಬಂದವರಿಗೆ ಅನ್ನ ನೀರು ಕೊಡುವುದು ಪುಣ್ಯವೆಂಬ ಭಾವನೆಯಿಂದ ದಾರಿಯುದ್ದಕ್ಕೂ ಅರವಟಿಗೆಗಳು ಏಳುತ್ತಿದ್ದವು. ಬೆಲ್ಲದ ಪಾನಕ, ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ ಯಾರಿಗೂ ಇಲ್ಲವೆನ್ನದೆ ಸಿಗುತ್ತಿದ್ದವು. ಕುಳಿತು ಉಣ್ಣುವ ಮಾತು ಬೇರೆ. ಹಳೆಯ ಮೈಸೂರು ಸೀಮೆಯ ಯಾತ್ರಾಸ್ಥಳಗಳಲ್ಲಿ ಜಾತಿವಾರು ಛತ್ರಗಳು ಎದ್ದವು, ಪಂಕ್ತಿಗಳು ಬೇರೆಯಾದವು, ಎಷ್ಟೋ ಜನರಿಗೆ ಪಂಕ್ತಿಯೇ ಇರಲಿಲ್ಲ. ರುಚಿಯ ಚರಿತ್ರೆ ಬರೆಯುವಾಗ ಈ ಅನ್ಯಾಯವನ್ನು ಬಿಟ್ಟು ಬರೆಯಲಾಗದು. ಇಂದು ದೇವಾಲಯದ ದಾಸೋಹದಲ್ಲಿ ಮಧ್ಯಾಹ್ನ ಬಂದವರೆಲ್ಲ ಒಂದೇ ಸಾಲಿನಲ್ಲಿ ಕೂತು ಅನ್ನ, ಸಾರು, ಪಾಯಸ ಉಣ್ಣುತ್ತಾರೆ. ಘಾಟಿಯ ಊಟದಲ್ಲಿ ಆದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದು.

ತೇರಿಗೆ ಬಾಳೆಹಣ್ಣು ದವನ ಎಸೆದ ಮೇಲೆ ಎಲ್ಲರ ಕಾಲು ಹೊರಳುವುದು ಪುರಿ ಅಂಗಡಿಗಳ ಸಾಲಿಗೆ. ಜಾತ್ರೆಗೆ ಹೋಗಿ ಕಡ್ಲೆಪುರಿ ತರದೆ ಮನೆಗೆ ಬಂದರೆ ಹೋದದ್ದಕ್ಕೇ ಅರ್ಥವಿಲ್ಲ ಎಂದು ಭಾವಿಸುವ ಸೀಮೆಯಿದು. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದಾಗ ಕ್ಷಣದಲ್ಲಿ ಅರಳುವುದು ಪುರಿ. ಮರಳು ತುಸು ಹೆಚ್ಚು ಕಾದರೆ ಕೆಂಪಾಗುತ್ತದೆ, ಕಡಿಮೆಯಾದರೆ ಅರಳದೆ ಗಟ್ಟಿಯಾಗಿ ಉಳಿಯುತ್ತದೆ. ಭಟ್ಟಿಯವನ ಕೈಯೇ ಇದಕ್ಕೆ ಅಳತೆ. ಅದಕ್ಕೆ ಹುರಿಗಡಲೆ ಬೆರೆಸಿ, ಮೇಲೆ ಬೆಂಡು, ಬತ್ತಾಸು, ಖಾರಾಸೇವೆ, ಬೂಂದಿ, ಒಂದಿಷ್ಟು ಖರ್ಜೂರ ಹಾಕಿ ಕಟ್ಟಿದ ಪೊಟ್ಟಣ ಊರಿಗೆ ಬಂದು ನೆರೆಮನೆಗಳಿಗೆಲ್ಲ ಹಂಚಿಹೋಗುತ್ತದೆ. ಹಗುರ, ಅಗ್ಗ, ವಾರಗಟ್ಟಲೆ ಕೆಡದು: ನಡೆದು ಬರುವ ಯಾತ್ರಿಕನಿಗೆ ಬೇಕಾದ ಮೂರೂ ಗುಣ ಅದರಲ್ಲಿವೆ. ಮಕ್ಕಳ ಕಣ್ಣು ಮಾತ್ರ ಗುಲಾಬಿ ಬಣ್ಣದ ಬಾಂಬೆ ಮಿಠಾಯಿಯ ಮೇಲೆ, ಈಚಿನ ದಶಕಗಳಲ್ಲಿ ಕೆಂಪನೆಯ ಗೋಬಿ ಮಂಚೂರಿಯ ಮೇಲೆ. ರೋಡಮೈನ್-ಬಿಯಂಥ ಅಪಾಯಕಾರಿ ಬಣ್ಣಗಳು ಪತ್ತೆಯಾದ ಮೇಲೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಈ ಎರಡು ತಿನಿಸುಗಳಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಸರಿಯಾದ ಕ್ರಮ, ಬಣ್ಣವಿಲ್ಲದ ಬಿಳಿ ಮಿಠಾಯಿಯೂ ಅಷ್ಟೇ ಸಿಹಿ.

ಪಂಚಾಂಗದ ಹಿಡಿತ ಸಡಿಲವಾಗತೊಡಗಿದ್ದು ರೈಲಿನಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿನಿಂದ ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗ ಹಾದು ಹಿಂದೂಪುರದ ಕಡೆಗೆ ಹಳಿ ಬಿತ್ತು. ಯಾತ್ರಿಕರು ಬೇಗ ಬಂದು ಬೇಗ ಮರಳಿದರು. ಬುತ್ತಿಯ ಗಂಟು ಚಿಕ್ಕದಾಯಿತು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫನ್ ರೂಮ್ಸ್‌ನಂಥ ಉಡುಪಿ ಕಡೆಯವರ ಹೋಟೆಲುಗಳು ಇಡ್ಲಿ, ದೋಸೆ, ಕಾಫಿಯನ್ನು ದಿನದ ಮಾತಾಗಿಸಿದವು. ಮುಂದೆ ಬಸ್ಸು ಬಂದ ಹಾಗೆ ಆ ತಿಂಡಿಗಳು ತಾಲ್ಲೂಕು ಕೇಂದ್ರಗಳಿಗೆ, ಅಲ್ಲಿಂದ ದೇವಸ್ಥಾನದ ಬೀದಿಗೆ ಬಂದವು. ದೊಡ್ಡಬಳ್ಳಾಪುರ ನೇಕಾರರ ಊರು. ವಿದ್ಯುತ್ ಮಗ್ಗಗಳು ಹಗಲಿರುಳು ಓಡತೊಡಗಿದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಕಾಫಿ, ಟೀ, ಬೋಂಡ ಬೇಕಾಯಿತು. ಹಬ್ಬದ ದೋಸೆ ಬೆಳಗಿನ ಮಾಮೂಲಿ ತಿಂಡಿಯಾಯಿತು.

ಮಾಂಸದೂಟದ ಕಥೆಯಲ್ಲಿ ಮರಾಠರ ಪಾಲು ದೊಡ್ಡದು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸುಲ್ತಾನರು ಶಹಜಿ ಭೋಂಸ್ಲೆಗೆ ಕೊಟ್ಟ ಜಹಗೀರಿನಲ್ಲಿ ಬೆಂಗಳೂರಿನ ಜೊತೆ ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಸೇರಿದ್ದವು. ಈ ಭಾಗದಲ್ಲಿ ನೆಲೆಸಿದ ಮರಾಠ ಕುಟುಂಬಗಳವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೆಂಗಳೂರಿನ ಪೇಟೆಯಲ್ಲಿ ಮಿಲಿಟರಿ ಹೋಟೆಲುಗಳನ್ನು ತೆರೆದರು. ಪಲಾವು, ಖೈಮಾ ಉಂಡೆ, ಕಾಲು ಸೂಪು, ತಲೆಮಾಂಸ, ಜೊತೆಗೆ ಮುದ್ದೆ. ಮನೆಯಲ್ಲಿ ಹಬ್ಬಕ್ಕೋ ಹೊಸತೊಡಕಿಗೋ ಕಾಣುತ್ತಿದ್ದ ಬಾಡೂಟ ಕಾಸಿದ್ದವನಿಗೆ ಯಾವ ದಿನವಾದರೂ ಸಿಗತೊಡಗಿತು. ಘಾಟಿಗೆ ಹೋಗುವ ಮುಂಚೆ ಮಾಂಸ ಬಿಡುವ, ಹೋಗಿಬಂದ ಮೇಲೆ ತಿನ್ನುವ ನೇಮವನ್ನು ಬಹುಪಾಲು ಮನೆಗಳು ಈಗಲೂ ಪಾಲಿಸುತ್ತವೆ. ಜಿಲ್ಲೆಯ ಇನ್ನೊಂದು ತುದಿಯ ಹೊಸಕೋಟೆಯಲ್ಲಿ ಭಾನುವಾರ ಕೋಳಿ ಕೂಗುವ ಮುಂಚೆಯೇ ದಮ್ ಬಿರಿಯಾನಿಗೆ ಸಾಲು ನಿಲ್ಲುವ ಹೊಸ ಪದ್ಧತಿ ಬೆಳೆದಿದೆ. ಬೆಂಗಳೂರಿನಿಂದ ಕಾರು ಕಟ್ಟಿಕೊಂಡು ಹೋಗಿ ಸೌದೆ ಒಲೆಯ ಹಂಡೆ ತೆರೆಯುವುದನ್ನೇ ಕಾಯುವ ಈ ಯುವಕರದ್ದೂ ಒಂದು ಬಗೆಯ ಯಾತ್ರೆಯೇ.

ಕೃಷಿ ವಿಜ್ಞಾನವೂ ಋತುವಿನ ಕಟ್ಟನ್ನು ಬಿಚ್ಚಿತು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯ ಮಂಡ್ಯದ ವಿ.ಸಿ. ಫಾರಂನಲ್ಲಿ ದೇಶಿ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು, ಇಳುವರಿ ಏರಿತು. ಬೆಂಕಿರೋಗ ತಡೆಯುವ ಜಿಪಿಯು-28 ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಂದಿತು. ಅಲ್ಲಿಂದಲೇ ಬಂದ ಹೆಬ್ಬಾಳ ಅವರೆಯ ಎಚ್‌ಎ-3, ಎಚ್‌ಎ-4 ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವಾಗ ಬಿತ್ತಿದರೂ ಕಾಯಿ ಕಟ್ಟುತ್ತವೆ. ಹೀಗಾಗಿ ಬೇಸಿಗೆಯಲ್ಲೂ ಅವರೆಕಾಳು ಸಿಗುತ್ತದೆ, ರೈತನ ಕೈಗೆ ದುಡ್ಡೂ ಸಿಗುತ್ತದೆ. ಚಳಿಗಾಲದ ಸೊಗಡು ಮಾತ್ರ ಅದರಲ್ಲಿಲ್ಲ ಎಂದು ತಿನ್ನುವವರು ಒಂದೇ ಸ್ವರದಲ್ಲಿ ಹೇಳುತ್ತಾರೆ. ಮಾತು ನಿಜ.

2013ರ ಜುಲೈನಲ್ಲಿ ಅನ್ನಭಾಗ್ಯ ಜಾರಿಗೆ ಬಂದು ಬಡವರ ಮನೆಗೂ ಅಕ್ಕಿ ಧಾರಾಳವಾಗಿ ತಲುಪಿತು. ಹಬ್ಬದ ಅನ್ನ ದಿನದ ಅನ್ನವಾಯಿತು. ಅದೇ ವರ್ಷಗಳಲ್ಲಿ ನಗರದ ವೈದ್ಯರು ಸಕ್ಕರೆ ಕಾಯಿಲೆಯವರಿಗೆ ಮುದ್ದೆ ತಿನ್ನಲು ಹೇಳತೊಡಗಿದರು, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಒಂದು ಕಾಲಕ್ಕೆ ನೆಂಟರ ಮುಂದಿಡಲು ಸಂಕೋಚಪಡುತ್ತಿದ್ದ ಮುದ್ದೆ ಈಗ ಹೆದ್ದಾರಿಯ ಹೋಟೆಲುಗಳ ಫಲಕದ ಮೇಲೆ ಮೊದಲ ಸಾಲಿನಲ್ಲಿದೆ. ಆದರೆ ರಾಗಿ ಬೆಳೆಯುವ ನೆಲ ಕಡಿಮೆಯಾಗತೊಡಗಿತ್ತು: 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ಭೂಮಿಯ ಬೆಲೆ ಗಗನಕ್ಕೇರಿತು. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತದ ಮರಗಳು ವಿರಳವಾದವು, ರಾಗಿ-ಅವರೆಯ ಹೊಲಗಳ ಮೇಲೆ ಬಡಾವಣೆಗಳ ಕಲ್ಲುಗಳು ನಿಂತವು.

ದನಗಳ ಜಾತ್ರೆಯೂ ಕುಗ್ಗಿದೆ. ಟ್ರ್ಯಾಕ್ಟರ್ ಬಂದು ಎತ್ತಿನ ಅಗತ್ಯ ತಗ್ಗಿತು. ಕೋವಿಡ್ ಮತ್ತು ಆಮೇಲಿನ ಚರ್ಮಗಂಟು ರೋಗದಿಂದ ಜಾತ್ರೆಗೆ ತಡೆಯೂ ಬಿತ್ತು. ಆದರೂ ಹಳ್ಳಿಕಾರ್ ತಳಿಯ ಮೇಲಿನ ಅಭಿಮಾನದಿಂದ ಎತ್ತು ಕಟ್ಟುವವರು ಉಳಿದಿದ್ದಾರೆ, ಒಳ್ಳೆಯ ಜೋಡಿಗೆ ಲಕ್ಷಗಳಲ್ಲಿ ಬೆಲೆಯಿದೆ. ಕೆಲವರು ಈಗಲೂ ಮರದಡಿ ಒಲೆ ಹೂಡುತ್ತಾರೆ. ಉಳಿದವರು ಗ್ಯಾಸ್ ಸಿಲಿಂಡರ್ ತರುತ್ತಾರೆ, ಇಲ್ಲವೇ ಡೇರೆ ಹೋಟೆಲಿನಲ್ಲಿ ಉಣ್ಣುತ್ತಾರೆ. ಉಪ್ಸಾರಿನ ಖಾರಕ್ಕೆ ಏನೇನು ಎಷ್ಟೆಷ್ಟು ಹಾಕಬೇಕು, ತನಿಯ ದಿನ ಯಾವ ಮನೆಯಲ್ಲಿ ಏನು ನಿಷೇಧ, ಹಗೇವಿಗೆ ಎಂಥ ಹುಲ್ಲು ಹಾಸಬೇಕು ಎಂಬುದೆಲ್ಲ ತೂಬಗೆರೆ ಸುತ್ತಲಿನ ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ದೇವಾಲಯಗಳ ಶಾಸನ ಓದಿ ದಾಖಲಿಸಿದಷ್ಟೇ ಶ್ರದ್ಧೆಯಿಂದ ಇದನ್ನೂ ಕೇಳಿ ಬರೆದಿಡುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳು, ಸಾಹಿತ್ಯ ಪರಿಷತ್ತಿನ ಘಟಕಗಳು ಈಗಲೇ ಕೈಗೆತ್ತಿಕೊಳ್ಳಬೇಕು.